ಊರು, ತಾರೀಖು

ನಾನು ಬರೆದ ಮೊದಲ ಸುದ್ದಿ ಅಚ್ಚಾಗಲಿಲ್ಲ, ವಾಪಸು ಬಂತು. 1996ರ ಮಳೆಗಾಲ. ಮಡಿಕೇರಿ ಪೇಟೆಯಲ್ಲಿ ಮರ ಬಿದ್ದು ಎರಡು ಅಂಗಡಿಗಳು ಜಖಂ ಆಗಿದ್ದವು. ಒಂದು ಪುಟ ಬರೆದು, ಕವರಿಗೆ ಹಾಕಿ, ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಮಾರನೆಯ ದಿನ ಸಂಜೆ ಅದೇ ಬಸ್ಸಿನಲ್ಲಿ ಅದೇ ಹಾಳೆ ತಿರುಗಿ ಬಂತು. ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ನಾನು ಮೇಲ್ಗಡೆ ಖಾಲಿ ಬಿಟ್ಟಿದ್ದ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಯಾವ ಊರು? ಯಾವತ್ತು?’ ಎಂದು ಬರೆದಿತ್ತು.

ಬರೆದವರು ಪತ್ರಿಕೆಯ ಮೈಸೂರು ಡೆಸ್ಕಿನಲ್ಲಿದ್ದ ಹಿರಿಯ ಉಪಸಂಪಾದಕರು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ‘ಸರ್, ಮಡಿಕೇರಿ ಅಂತ ಒಳಗೆ ಬರೆದಿದ್ದೇನಲ್ಲ’ ಎಂದೆ. ‘ಅದು ನಂಗೂ ಕಾಣ್ತದೆ ಕಣಯ್ಯ. ಮೇಲೆ ಊರು, ತಾರೀಖು ಹಾಕಿದರೆ ಆವತ್ತು ಅಲ್ಲಿ ನಮ್ಮವನೊಬ್ಬ ಇದ್ದ ಅಂತ ಓದೋನಿಗೆ ಗೊತ್ತಾಗುತ್ತೆ. ಹಾಕದಿದ್ದರೆ ಅದು ಯಾರೋ ಯಾರಿಗೋ ಹೇಳಿದ ಮಾತು’ ಎಂದು ಫೋನ್ ಇಟ್ಟರು. ಅಂದಿನಿಂದ ನಾನು ಸುದ್ದಿ ಬರೆಯಲು ಕುಳಿತಾಗ ಮೊದಲು ಬರೆಯುವುದು ಅದನ್ನೇ. ಈಗ ಎಷ್ಟೋ ಪತ್ರಿಕೆಗಳು ತಾರೀಖನ್ನು ಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿಕೊಂಡಿವೆ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇಂದಿಗೂ ಎರಡೂ ಇರುತ್ತವೆ.

ಕವರಿನ ಕಾಲವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಬಸ್ಸು ಕೆಟ್ಟು ನಿಂತರೆ ಸುದ್ದಿಯೂ ಅಲ್ಲೇ ನಿಲ್ಲುತ್ತಿತ್ತು. ಫಿಲ್ಮ್ ರೋಲ್ ಹಾಕಿದ ಕವರು ಕಂಡಕ್ಟರ್ ಚೀಲದಲ್ಲೇ ಉಳಿದು ಎರಡು ದಿನ ಮಡಿಕೇರಿ–ಮೈಸೂರು ತಿರುಗಾಡಿದ್ದೂ ಉಂಟು. ನಾಪೋಕ್ಲು ಕಡೆ, ಬಿರುನಾಣಿ ಕಡೆ ಏನಾದರೂ ಆದರೆ ನಮಗೆ ಗೊತ್ತಾಗುವ ಹೊತ್ತಿಗೆ ಮೂರು ದಿನ ಕಳೆದಿರುತ್ತಿತ್ತು. ಎಷ್ಟೋ ಊರುಗಳಲ್ಲಿ ಜನ ಸತ್ತದ್ದು, ಸೇತುವೆ ಕೊಚ್ಚಿ ಹೋದದ್ದು ಪತ್ರಿಕೆಗೆ ಬರಲೇ ಇಲ್ಲ. ಹಾಗಾಗಿ ಫೋನು ಬಂದು, ಆ ಫೋನಿಗೆ ವಾಟ್ಸ್‌ಆ್ಯಪ್ ಬಂದಾಗ ನಾನು ಮನಸಾರೆ ಸಂತೋಷಪಟ್ಟವನು. ಮೊದಮೊದಲು ಅನೇಕ ಫೋನುಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಕಳುಹಿಸುತ್ತಿದ್ದರು, ಅದನ್ನು ಜೋರಾಗಿ ಓದಿಕೊಂಡರಷ್ಟೇ ಅರ್ಥವಾಗುತ್ತಿತ್ತು. 2014ರ ಹೊತ್ತಿಗೆ ಕನ್ನಡವೇ ಬರತೊಡಗಿತು. ಅಷ್ಟರಲ್ಲಿ ನನ್ನ ಫೋನಿನಲ್ಲಿ ವಾರ್ತಾ ಇಲಾಖೆಯ ಗ್ರೂಪು, ಪೊಲೀಸರ ಗ್ರೂಪು, ತಾಲ್ಲೂಕಿಗೊಂದು ಪತ್ರಕರ್ತರ ಗ್ರೂಪು, ಬೆಳೆಗಾರರದ್ದು, ಆಟೊ ಚಾಲಕರದ್ದು, ಆನೆಯದ್ದೂ ಒಂದು ಗ್ರೂಪು ಇದ್ದವು.

ಆನೆಯ ಗ್ರೂಪಿನ ಬಗ್ಗೆ ಹೇಳಬೇಕು. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟದ ತೋಟಗಳಲ್ಲಿ ಆನೆ ಯಾವ ಬೆಳಿಗ್ಗೆ ಎಲ್ಲಿರುತ್ತದೆ ಎಂದು ತಿಳಿಯುವುದು ಕೂಲಿಗೆ ಹೋಗುವವರಿಗೆ ಜೀವದ ಪ್ರಶ್ನೆ. ಯಾರೋ ಒಬ್ಬರು ‘ಲೈನ್ ಮನೆ ಹಿಂದೆ ಐದು ಆನೆ, ಮರಿ ಇದೆ’ ಎಂದು ಹಾಕಿದರೆ ಐವತ್ತು ಜನ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಿದ್ದರು. ಜೀವ ಉಳಿಸುವ ಸುದ್ದಿ ಪತ್ರಿಕೆಗಿಂತ ಮೊದಲು, ಪತ್ರಿಕೆಯ ಹಂಗಿಲ್ಲದೆ ಜನರಿಂದ ಜನರಿಗೆ ಹೋಗುವುದನ್ನು ನಾನು ಮೊದಲು ಕಂಡದ್ದು ಅಲ್ಲಿ. ಆದರೆ ಒಂದು ದಿನ ಅಲ್ಲೊಂದು ವಿಡಿಯೊ ಬಂತು. ರಸ್ತೆ ದಾಟುತ್ತಿರುವ ಹಿಂಡು, ಅಡಿಯಲ್ಲಿ ತೋಟದ ಹೆಸರು. ಆ ತೋಟದ ಹೆಂಗಸರು ಯಾರೂ ಕೆಲಸಕ್ಕೆ ಹೋಗಲಿಲ್ಲ, ಎಲ್ಲರಿಗೂ ಒಂದು ದಿನದ ಕೂಲಿ ಹೋಯಿತು. ವಿಡಿಯೊ ಹಿಂದಿನ ವರ್ಷದ್ದು. ರಸ್ತೆ ಬದಿಯ ಕಾಫಿ ಗಿಡಗಳಲ್ಲಿ ಬಿಳಿ ಹೂವಿತ್ತು, ನಾವಿದ್ದದ್ದು ನವೆಂಬರಿನಲ್ಲಿ. ಕಾಫಿ ಹೂ ಬಿಡುವುದು ಬೇಸಿಗೆಯ ಮೊದಲ ಮಳೆಗೆ ಎಂದು ಆ ಗ್ರೂಪಿನಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಯಾರ ಕಣ್ಣೂ ಹೂವಿನ ಕಡೆ ಹೋಗಲಿಲ್ಲ, ಎಲ್ಲರೂ ನೋಡಿದ್ದು ಆನೆಯನ್ನು.

ಇದಕ್ಕೂ ಮುಂಚೆ, 2012ರ ಆಗಸ್ಟಿನಲ್ಲಿ, ಇಂಥದ್ದೇ ತಾರೀಖಿಲ್ಲದ ಚಿತ್ರಗಳು ಒಂದು ಮಹಾನಗರವನ್ನೇ ಅಲುಗಿಸಿದ್ದವು. ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನ ದಾಳಿಯ ಗುಲ್ಲಿಗೆ ಹೆದರಿ ಸಾವಿರಗಟ್ಟಲೆ ರೈಲು ಹತ್ತಿ ಹೊರಟು ಹೋದರು. ಹಬ್ಬಿದ ಫೋಟೊಗಳಲ್ಲಿ ಕೆಲವು ಬೇರೆ ದೇಶದ, ಬೇರೆ ವರ್ಷದ ಅನಾಹುತಗಳದ್ದು ಎಂದು ಆಮೇಲೆ ಗೊತ್ತಾಯಿತು. ಆಗ ಸರ್ಕಾರ ಕೆಲವು ದಿನ ಎಸ್‌ಎಂಎಸ್‌ಗೆ ದಿನಕ್ಕೆ ಐದರ ಮಿತಿ ಹಾಕಿತ್ತು. ಆರು ವರ್ಷದ ನಂತರ, 2018ರ ಜುಲೈನಲ್ಲಿ, ವಾಟ್ಸ್‌ಆ್ಯಪ್ ಕಂಪನಿಯೂ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ದಾಟಿಸಬಹುದು ಎಂದು ಕಟ್ಟು ಹಾಕಿತು.

ಆ ಜುಲೈಯನ್ನು ನಾನು ಮರೆಯಲಾರೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಗುಲ್ಲು ದೇಶದ ಉದ್ದಗಲಕ್ಕೂ ಎದ್ದಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು. ಅದು ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ್ದ ಜಾಗೃತಿಯ ಚಿತ್ರ. ಕೊನೆಯಲ್ಲಿ ಆ ಬೈಕಿನವರು ಮಗುವನ್ನು ತಂದು ಬಿಟ್ಟು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಕಾರನ್ನು ಜನ ಅಡ್ಡಗಟ್ಟಿದರು. ಅವರಲ್ಲೊಬ್ಬ ಕತಾರಿನವನು, ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದ. ಅಷ್ಟಕ್ಕೇ ಹಿಂದಿನ ಊರಿನಿಂದ ಮುಂದಿನ ಊರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹೋಗಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಇನ್ನೊಬ್ಬ ಗೆಳೆಯ ಅಲ್ಲೇ ಜನರ ಕೈಯಲ್ಲಿ ಸತ್ತ. ಕಾರಿಗಿಂತ ಬೇಗ ಓಡಿತ್ತು ಆ ಸುದ್ದಿ. ನಮ್ಮ ಮಡಿಕೇರಿಯ ಪ್ರೆಸ್ ಕ್ಲಬ್ಬಿನಲ್ಲಿ ಕುಳಿತು ನಾವು ಅದರ ಬಗ್ಗೆ ಗಂಟೆಗಟ್ಟಲೆ ಮಾತನಾಡಿದೆವು. ಪರಿಶೀಲಿಸದೆ ಏನನ್ನೂ ಹಂಚಬಾರದು ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನು.

ಸುಮಾರು ಒಂದು ತಿಂಗಳ ಮೇಲೆ ನಮ್ಮ ಬೆಟ್ಟಗಳು ಕುಸಿದವು.

2018ರ ಆಗಸ್ಟ್ 16, ಗುರುವಾರ. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಜೋಡುಪಾಲ, ಮದೆನಾಡು, ಒಂದೊಂದಾಗಿ ಹೆಸರು ಕೇಳಿಬರತೊಡಗಿದವು. ಸಂಪಾಜೆ ರಸ್ತೆ ಮುಚ್ಚಿತು. ಕರೆಂಟಿಲ್ಲದೆ ಎಷ್ಟೋ ಟವರುಗಳು ಕಣ್ಣು ಮುಚ್ಚಿದವು. ನಾನು ಕಾರಿನಲ್ಲಿ ಕುಳಿತು, ಎಂಜಿನ್ ಓಡಿಸಿಟ್ಟು ಫೋನ್ ಚಾರ್ಜ್ ಮಾಡಿಕೊಳ್ಳುತ್ತಿದ್ದೆ. ಸಿಗ್ನಲ್ ಸಿಕ್ಕ ಕೂಡಲೇ ಫೋನು ನಿಲ್ಲದೆ ನಡುಗುತ್ತಿತ್ತು. ಒಮ್ಮೆಲೇ ಮುನ್ನೂರು, ನಾನ್ನೂರು ಸಂದೇಶ. ಅದೇ ವಾರ ಕೇರಳವೂ ಮುಳುಗಿತ್ತು. ಅಲ್ಲಿಯ ವಿಡಿಯೊಗಳು ‘ಕೊಡಗು’ ಎಂಬ ಹೆಸರು ಹೊತ್ತು ಬರುತ್ತಿದ್ದವು. ಅವನ್ನು ಬೇರ್ಪಡಿಸುವುದು ನನಗೆ ಕಷ್ಟವಾಗಲಿಲ್ಲ. ಬೋರ್ಡಿನ ಮೇಲೆ ಮಲಯಾಳ ಅಕ್ಷರ, ಜೀಪಿನ ನಂಬರು ಕೆಎ 12 ಅಲ್ಲ ಕೆಎಲ್, ಬಸ್ಸಿನ ಬಣ್ಣ ಬೇರೆ. ಮೂರೂ ಕಾಣದಿದ್ದರೆ ಸುತ್ತಲಿನ ಗಿಡಗಳನ್ನು ನೋಡುತ್ತಿದ್ದೆ. ಆ ಎರಡು ದಿನ ಹೀಗೆ ಹತ್ತಾರು ವಿಡಿಯೊಗಳನ್ನು ತಡೆದೆ. ತಡೆಯುವುದು ನನಗೆ ಗೊತ್ತಿದೆ ಎಂಬ ಧೈರ್ಯ ಬಂತು. ಮುಂದಿನ ತಪ್ಪಿಗೆ ಆ ಧೈರ್ಯವೇ ಕಾರಣ.

ಶನಿವಾರ, 18ರ ಬೆಳಿಗ್ಗೆ, ಒಂದು ಧ್ವನಿ ಸಂದೇಶ ಬಂತು. ಮೂವತ್ತೆಂಟು ಸೆಕೆಂಡು. ಹಿಂದೆ ಮಳೆಯ ಸದ್ದು. ಹೆಂಗಸಿನ ದನಿ. ‘ಅಣ್ಣಾ, ಎಂತ ಮಾಡೋದು ಗೊತ್ತಾಗ್ತಿಲ್ಲ. ಮನೆ ಹಿಂದೆ ಬರೆ ಜಾರ್ತಾ ಉಂಟು. ನಾವು ಏಳು ಜನ. ಅಜ್ಜಿಗೆ ನಡೀಲಿಕ್ಕೆ ಆಗೋದಿಲ್ಲ. ಯಾರನ್ನಾದ್ರೂ ಕಳಿಸಣ್ಣ...’ ಆಮೇಲೆ ಅಳು. ನಡುವೆ ಊರಿನ ಹೆಸರು, ಮನೆಯ ಹೆಸರು ಇತ್ತು. ಮಕ್ಕಂದೂರಿನ ಆಚೆಯ ಊರು, ನನಗೆ ಗೊತ್ತಿರುವ ಊರು. ದನಿ ನಮ್ಮದೇ, ಮಣ್ಣಿನ ದಿಬ್ಬಕ್ಕೆ ಬರೆ ಎನ್ನುವ ಮಾತು ನಮ್ಮದೇ. ಕೇರಳದ್ದಾಗಲು ಸಾಧ್ಯವೇ ಇಲ್ಲ. ಸಂದೇಶದ ಮೇಲೆ ‘ಫಾರ್ವರ್ಡ್ ಮಾಡಿದ್ದು’ ಎಂಬ ಗುರುತಿತ್ತು. ಆ ಗುರುತು ವಾಟ್ಸ್‌ಆ್ಯಪ್‌ಗೆ ಬಂದು ಒಂದು ತಿಂಗಳಾಗಿತ್ತಷ್ಟೆ. ಕೆಳಗೆ ಕಂಡ ಸಮಯ ಬೆಳಿಗ್ಗೆ 7.12. ಅದು ನನಗೆ ಆ ಸಂದೇಶವನ್ನು ದಾಟಿಸಿದ ಸಮಯ, ಆಕೆ ಮಾತನಾಡಿದ ಸಮಯವಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಅಳುವನ್ನು ಕೇಳಿದ ಮೇಲೆ ನನ್ನ ಕೈ ನಿಲ್ಲಲಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿದೆ. ಆಕೆಯ ಮಾತನ್ನು ಬರೆದು, ಊರಿನ ಹೆಸರು ಬರೆದು, ಕಂಟ್ರೋಲ್ ರೂಮಿನ ನಂಬರು ಬರೆದು, ದನಿಯನ್ನೂ ಸೇರಿಸಿದೆ. ಊರು ಇತ್ತು. ತಾರೀಖು ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದನ್ನು ಸಾವಿರಕ್ಕೂ ಹೆಚ್ಚು ಜನ ಹಂಚಿದ್ದರು. ನಮ್ಮ ಪತ್ರಿಕೆಯ ಆನ್‌ಲೈನ್ ವಿಭಾಗದವರೂ ಎತ್ತಿಕೊಂಡರು. ಬೆಂಗಳೂರಿನಿಂದ, ಮಸ್ಕತ್ತಿನಿಂದ, ಸಿಂಗಪುರದಿಂದ ಫೋನುಗಳು ಬಂದವು. ‘ನೀವು ದೊಡ್ಡ ಕೆಲಸ ಮಾಡಿದಿರಿ’ ಎಂದರು. ಸಂಜೆ ಕಂಟ್ರೋಲ್ ರೂಮಿನಿಂದ ಒಬ್ಬ ಹುಡುಗ ಕರೆ ಮಾಡಿದ. ಎರಡು ದಿನ ನಿದ್ದೆ ಮಾಡದವನ ದನಿ. ‘ಸರ್, ಅದೇ ಏಳು ಜನರಿಗಾಗಿ ಬೆಳಿಗ್ಗೆಯಿಂದ ಅರವತ್ತಕ್ಕಿಂತ ಹೆಚ್ಚು ಕರೆ ಬಂದಿದೆ. ಲೈನ್ ಬೇರೆಯವರಿಗೆ ಸಿಗ್ತಾ ಇಲ್ಲ. ಅಲ್ಲಿಗೆ ಒಂದು ತಂಡ ಹೋಗಿ ನೋಡಿ ಬಂತು. ಮನೆಯಲ್ಲಿ ಯಾರೂ ಇಲ್ಲ. ನಿಮಗೆ ಯಾರು ಹೇಳಿದ್ದು?’

ನನ್ನಲ್ಲಿ ಉತ್ತರವಿರಲಿಲ್ಲ. ಯಾರು ಹೇಳಿದ್ದು ಎಂದು ನಾನು ಕೇಳಿರಲೇ ಇಲ್ಲ.

ಭಾನುವಾರ ಸುಂಟಿಕೊಪ್ಪದ ಕಡೆಯ ಪರಿಹಾರ ಕೇಂದ್ರಕ್ಕೆ ಹೋದೆ, ಬೇರೆ ವರದಿಗಾಗಿ. ಉಪ್ಪಿಟ್ಟಿನ ಸಾಲು ನಿಂತಿತ್ತು. ಗೋಡೆಗೊರಗಿ ಕುಳಿತಿದ್ದ ಹುಡುಗನೊಬ್ಬನ ಫೋನಿನಿಂದ ಆ ದನಿ ಬಂತು. ‘ಅಣ್ಣಾ, ಎಂತ ಮಾಡೋದು ಗೊತ್ತಾಗ್ತಿಲ್ಲ...’ ಸಾಲಿನಲ್ಲಿದ್ದ ಒಬ್ಬ ಹೆಂಗಸು ತಟ್ಟೆ ಹಿಡಿದ ಕೈಯನ್ನು ಕೆಳಗಿಳಿಸಿದರು. ತಟ್ಟೆ ಬೀಳಲಿಲ್ಲ, ಅವರು ಕೂಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸಾಲು ಬಿಟ್ಟು ಹೊರಗೆ ಹೋಗಿ ಕಂಬದ ಹಿಂದೆ ನಿಂತರು. ನಲವತ್ತರ ಆಸುಪಾಸಿನ ಹೆಂಗಸು. ಕಾಲಿಗೆ ಯಾರೋ ಕೊಟ್ಟ ಗಂಡಸರ ಚಪ್ಪಲಿ. ನಾನು ಹೋಗಿ, ನಾನು ಯಾರು ಎಂದು ಹೇಳಿದೆ. ಅದನ್ನು ಹಾಕಿದವನು ನಾನೇ ಎಂದೂ ಹೇಳಿದೆ.

ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, ‘ಅದು ನಾನು ನನ್ನ ಅಣ್ಣನಿಗೆ ಕಳಿಸಿದ್ದು ಸರ್’ ಎಂದರು. ‘ಗುರುವಾರ ಸಂಜೆ ಕಳಿಸಿದ್ದು. ಶುಕ್ರವಾರ ಬೆಳಗಾಗುವ ಮೊದಲೇ ಪಕ್ಕದ ತೋಟದವರು ಬಂದು ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಬಂದ್ರು. ಮಧ್ಯಾಹ್ನಕ್ಕೆ ಇಲ್ಲಿಗೆ ಮುಟ್ಟಿದ್ದೇವೆ. ನೀವು ಹಾಕುವಾಗ ನಾವು ಇಲ್ಲೇ ಇದ್ದೆವು.’ ಸ್ವಲ್ಪ ತಡೆದು, ‘ನನ್ನ ಮಗ ಹೇಳಿದ, ಅಮ್ಮ, ನೀನು ಅಳೋದು ಎಲ್ಲರ ಫೋನಲ್ಲೂ ಉಂಟು ಅಂತ. ನಾನು ಯಾರ ಮುಂದೆಯೂ ಅತ್ತವಳಲ್ಲ. ಒಮ್ಮೆ ಕೇಳಬಹುದಿತ್ತಲ್ಲ ಸರ್’ ಎಂದರು.

ಆ ರಾತ್ರಿ ಕುಳಿತು ಆ ಸಂದೇಶದ ಜಾಡು ಹಿಡಿದು ಹಿಂದಕ್ಕೆ ಹೋದೆ. ನನಗೆ ಕಳುಹಿಸಿದವರು ಕುಶಾಲನಗರದ ವ್ಯಾಪಾರಿ. ಅವರಿಗೆ ಅವರ ಭಾವ, ಆ ಭಾವನಿಗೆ ಪಿರಿಯಾಪಟ್ಟಣದ ಗೆಳೆಯ, ಅವನಿಗೆ ಮೈಸೂರಿನ ಸಹೋದ್ಯೋಗಿ. ಆ ಸಹೋದ್ಯೋಗಿಯೇ ಆಕೆಯ ಅಣ್ಣ. ತಂಗಿಯ ಮನೆಗೆ ಹೋಗಲು ದಾರಿಯಿಲ್ಲದೆ ಗುರುವಾರ ರಾತ್ರಿ ನಾಲ್ಕು ಮಂದಿಗೆ ಕಳುಹಿಸಿ ಸಹಾಯ ಕೇಳಿದ್ದರು. ಶುಕ್ರವಾರ ತಂಗಿ ಕ್ಷೇಮ ಎಂದು ಗೊತ್ತಾದ ಮೇಲೆ ಆ ನಾಲ್ವರಿಗೂ ತಿಳಿಸಿದ್ದರು. ‘ಕ್ಷೇಮ’ ಎಂಬ ಸಂದೇಶವನ್ನು ಯಾರೂ ಮುಂದಕ್ಕೆ ದಾಟಿಸಿರಲಿಲ್ಲ. ಈ ಇಡೀ ಜಾಡು ಹಿಡಿಯಲು ನನಗೆ ಹಿಡಿದದ್ದು ನಲವತ್ತು ನಿಮಿಷ, ಐದು ಫೋನು. ಶನಿವಾರ ಬೆಳಿಗ್ಗೆ 7.12ಕ್ಕೆ ನಾನು ಅದೇ ಕೆಲಸ ಮಾಡಿದ್ದರೆ ಎಂಟಕ್ಕೆ ಮುಂಚೆ ಆಕೆ ಸುಂಟಿಕೊಪ್ಪದಲ್ಲಿದ್ದಾರೆ ಎಂದು ಗೊತ್ತಾಗುತ್ತಿತ್ತು. ಆ ಅರವತ್ತು ಕರೆಗಳ ಹೊತ್ತಿನಲ್ಲಿ ಕಂಟ್ರೋಲ್ ರೂಮಿನ ಲೈನ್ ಸಿಗದವರು ಯಾರು, ಅವರಿಗೆ ಏನಾಗಿತ್ತು ಎಂಬುದು ನನಗೆ ಎಂದಿಗೂ ತಿಳಿಯಲಾರದು. ಈ ಮಾತು ಇಂದಿಗೂ ನನ್ನ ಎದೆಯಲ್ಲಿ ಕುಳಿತಿದೆ.

ಪೋಸ್ಟನ್ನು ಅಳಿಸಿದೆ. ನನ್ನದು ಅಳಿಯಿತು, ಉಳಿದವು ಉಳಿದವು. ಮುಂದಿನ ವರ್ಷ, 2019ರ ಆಗಸ್ಟಿನಲ್ಲಿ, ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಜಾರಿದ ದಿನ ಆ ದನಿ ಮತ್ತೆ ನನ್ನ ಫೋನಿಗೆ ಬಂತು. ಈ ಸಲ ತೋರದ ಹೆಸರು ಹೊತ್ತುಕೊಂಡು. ನಾನು ಆಕೆಗೆ ಫೋನ್ ಮಾಡಿ ಅನುಮತಿ ಕೇಳಿ, ‘ಮಡಿಕೇರಿ, ಆ. 10, 2019: ಈ ದನಿ ಹೋದ ವರ್ಷದ ಆಗಸ್ಟ್ 16ರದ್ದು. ಇವರೂ ಮನೆಯವರೂ ಕ್ಷೇಮವಾಗಿದ್ದಾರೆ’ ಎಂದು ಹಾಕಿದೆ. ಅದನ್ನು ಹಂಚಿದವರು ನೂರು ಜನರೂ ಇರಲಿಲ್ಲ.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಜಾಲತಾಣಗಳನ್ನು ಬಿಡಲಿಲ್ಲ, ಬಿಟ್ಟರೆ ಇಂದು ಜಿಲ್ಲೆಯ ವರದಿಗಾರ ಕುರುಡನಾಗುತ್ತಾನೆ. ಆದರೆ ಫೋನಿಗೆ ಬಂದದ್ದನ್ನು ಸುದ್ದಿ ಎಂದು ಕರೆಯುವುದನ್ನು ಬಿಟ್ಟೆ. ಅದು ಸುಳಿವು. ಸುಳಿವಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ, ಅವನನ್ನು ಹುಡುಕಿ ಮಾತನಾಡಿಸಿದ ಮೇಲಷ್ಟೇ ಅದು ಸುದ್ದಿ. ಫೋಟೊ ಆದರೆ ಗೂಗಲ್‌ನಲ್ಲಿ ಹಾಕಿ ಹಿಂದೆ ಎಲ್ಲಾದರೂ ಬಂದಿದೆಯೇ ಎಂದು ನೋಡಬಹುದು, ವಿಡಿಯೊ ಆದರೆ ಅದರೊಳಗಿನ ಚಿತ್ರವೊಂದನ್ನು ನಿಲ್ಲಿಸಿ ಹುಡುಕಬಹುದು. ಒಬ್ಬ ಹೆಂಗಸಿನ ಅಳು ಯಾವತ್ತಿನದು ಎಂದು ಆಗ ನನ್ನ ಕೈಯಲ್ಲಿದ್ದ ಯಾವ ಯಂತ್ರವೂ ಹೇಳುತ್ತಿರಲಿಲ್ಲ. ಅದಕ್ಕೆ ಫೋನೇ ಮಾಡಬೇಕಿತ್ತು.

ಹೀಗೆ ಮಾಡಿದರೆ ಜಾಲತಾಣ ಎಷ್ಟು ದೊಡ್ಡ ಶಕ್ತಿ ಎಂಬುದನ್ನು 2022ರ ಜೂನ್‌ನಲ್ಲಿ ಕಂಡೆ. ಚೆಂಬು, ಸಂಪಾಜೆ, ಸುಳ್ಯದ ಕಡೆ ಭೂಮಿ ಮತ್ತೆ ಮತ್ತೆ ಸಣ್ಣಗೆ ನಡುಗುತ್ತಿತ್ತು. ಜೂನ್ 28ರ ಬೆಳಿಗ್ಗೆ ಎಂಟು ಗಂಟೆಯಾಗುವ ಮೊದಲೇ ನನ್ನ ಫೋನು ತುಂಬಿತು. ಜನರಿಗೆ ಗಾಬರಿ. 2018ರ ಜುಲೈನಲ್ಲೂ ಹೀಗೊಮ್ಮೆ ನಡುಗಿತ್ತು, ಮುಂದಿನ ತಿಂಗಳೇ ಬೆಟ್ಟ ಇಳಿದಿತ್ತು. ಆ ಕುಸಿತಕ್ಕೆ ವಿಪರೀತ ಮಳೆ ಮತ್ತು ಬೆಟ್ಟ ಕಡಿದದ್ದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದರೂ ಒಮ್ಮೆ ಸುಟ್ಟ ಮನಸ್ಸು ಕೇಳುವುದಿಲ್ಲ. ನಾನು ಒಂದನ್ನೂ ಹಂಚದೆ, ಕಳುಹಿಸಿದ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎಷ್ಟು ಗಂಟೆಗೆ? ನೀವು ಎಲ್ಲಿದ್ದಿರಿ? ಏನು ಅಲುಗಾಡಿತು? ಒಬ್ಬರ ಮನೆಯಲ್ಲಿ ಪಾತ್ರೆ ಸದ್ದಾಗಿತ್ತು, ಇನ್ನೊಬ್ಬರಲ್ಲಿ ಮಾಡಿನ ಹೆಂಚು. ಹಟ್ಟಿಯಲ್ಲಿದ್ದವರು ಹಸು ಎದ್ದು ನಿಂತಿತು ಎಂದರು. ಇಪ್ಪತ್ತು ನಿಮಿಷದಲ್ಲಿ ಆರು ಊರುಗಳ ಹನ್ನೊಂದು ಮಂದಿ. ಎಲ್ಲರೂ ಹೇಳಿದ ಸಮಯದಲ್ಲಿ ಎರಡು–ಮೂರು ನಿಮಿಷದ ಹೆಚ್ಚುಕಡಿಮೆ ಅಷ್ಟೆ. ಎಲ್ಲಿ ನಡುಗಿದೆ, ಎಲ್ಲಿ ಇಲ್ಲ, ಯಾರಿಗೂ ಪೆಟ್ಟಾಗಿಲ್ಲ ಎಂದು ಹೆಸರು ಸಮೇತ ಬರೆದು ಕಳುಹಿಸಿದೆ. ಆಮೇಲೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿ ಬಂತು, ತೀವ್ರತೆ 3ರ ಆಸುಪಾಸು. ಕವರಿನ ಕಾಲದಲ್ಲಾಗಿದ್ದರೆ ಚೆಂಬುವಿನ ಹಟ್ಟಿಯ ಹಸುವಿನ ವಿಷಯ ಯಾರಿಗೆ ಗೊತ್ತಾಗುತ್ತಿತ್ತು?

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಇಲಾಖೆಯೊಂದರ ಕೆಳಹಂತದ ನೌಕರರೊಬ್ಬರು ತಮ್ಮ ಕಚೇರಿಯ ಗ್ರೂಪಿನಲ್ಲಿ ಬಂದ ಆದೇಶವೊಂದರ ಸ್ಕ್ರೀನ್‌ಶಾಟ್ ಕಳುಹಿಸಿದ್ದರು. ಜನರಿಗೆ ತಿಳಿಯಲೇಬೇಕಾದ ವಿಷಯ. ಹೆಸರು, ನಂಬರು ಎಲ್ಲ ಅಳಿಸಿ ಕೊಟ್ಟೆ, ಪತ್ರಿಕೆಯಲ್ಲಿ ಅಚ್ಚಾಯಿತು. ಚಿತ್ರದ ಹಿಂದಿನ ವಾಲ್‌ಪೇಪರು ಉಳಿದಿತ್ತು. ಅವರು ತಮ್ಮ ಮಗಳ ಚಿತ್ರವನ್ನು ಅಲ್ಲಿ ಇಟ್ಟುಕೊಂಡಿದ್ದರು. ಮಸುಕಾಗಿ ಎರಡು ಜಡೆ ಕಾಣುತ್ತಿತ್ತು, ಅಷ್ಟೆ. ಅವರ ಕಚೇರಿಯವರಿಗೆ ಅಷ್ಟು ಸಾಕಾಯಿತು. ಎರಡು ವಾರದಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ ನಾನು ಸ್ಕ್ರೀನ್‌ಶಾಟುಗಳನ್ನು ಅಚ್ಚಿಗೆ ಕೊಡುವುದಿಲ್ಲ. ಓದಿ, ನೋಟ್‌ಬುಕ್ಕಿಗೆ ಬರೆದುಕೊಂಡು, ಇಲಾಖೆಯ ಮುಖ್ಯಸ್ಥರನ್ನೇ ಕೇಳಿ ಬರೆಯುತ್ತೇನೆ. ನಮ್ಮನ್ನು ನಂಬಿ ಕಳುಹಿಸುವವರು ಬಡ ನೌಕರರು, ಅವರಿಗೆ ಇನ್ನೊಂದು ಕೆಲಸ ಸಿಗುವುದಿಲ್ಲ.

ಟ್ವಿಟರ್, ಅಂದರೆ 2023ರಿಂದ ಎಕ್ಸ್ ಎನ್ನಿಸಿಕೊಂಡಿರುವುದು, ನಮ್ಮಂಥ ಜಿಲ್ಲೆಯವರಿಗೆ ದೂರದ ಪೇಟೆ. ಅಲ್ಲಿ ನನಗೆ ಸಂಕಟವಾಗುವುದು ಒಂದೇ ವಿಷಯಕ್ಕೆ. ಮಂತ್ರಿಗಳು ಅಲ್ಲಿ ನಾಲ್ಕು ಸಾಲು ಬರೆಯುತ್ತಾರೆ, ನಾವು ಅದನ್ನೇ ಸುದ್ದಿ ಮಾಡುತ್ತೇವೆ. ಹಿಂದೆ ಸುದ್ದಿಗೋಷ್ಠಿಯಲ್ಲಿ ಮಂತ್ರಿ ಹೇಳಿದ ಮೇಲೆ ಎದ್ದು ನಿಂತು ಎರಡನೆಯ ಪ್ರಶ್ನೆ ಕೇಳಬಹುದಿತ್ತು. ಹಣ ಬಿಡುಗಡೆಯಾಗಿದೆ ಎಂದರೆ, ಯಾವ ಖಾತೆಗೆ ಸರ್, ಯಾವತ್ತು, ಎನ್ನಬಹುದಿತ್ತು. ಪೋಸ್ಟಿಗೆ ಎರಡನೆಯ ಪ್ರಶ್ನೆ ಇಲ್ಲ. ಕೇಳಿದರೂ ಉತ್ತರಿಸಲೇಬೇಕೆಂಬ ಮುಲಾಜಿಲ್ಲ. ಪ್ರಶ್ನೆ ಕೇಳದೆ ಇನ್ನೊಬ್ಬರ ಮಾತನ್ನು ಹಾಗೇ ಎತ್ತಿಡುವುದು ವರದಿಯಲ್ಲ, ಅದು ಫಾರ್ವರ್ಡ್.

ಈಗಿನ ಹುಡುಗ ಹುಡುಗಿಯರ ಮೇಲಿರುವ ಒತ್ತಡವನ್ನು ನಾನು ಬಲ್ಲೆ. ‘ಅವರು ಹಾಕಿ ಹತ್ತು ನಿಮಿಷ ಆಯ್ತು, ನಿಮ್ಮದು ಎಲ್ಲಿ’ ಎಂದು ಡೆಸ್ಕಿನಿಂದ ಕರೆ ಬರುತ್ತದೆ. ಒಬ್ಬರೇ ವಿಡಿಯೊ ಮಾಡಬೇಕು, ಬರೆಯಬೇಕು, ಫೇಸ್‌ಬುಕ್ಕಿಗೂ ಹಾಕಬೇಕು, ಸಂಜೆ ಪತ್ರಿಕೆಗೂ ಕೊಡಬೇಕು. ಅವರಿಗೆ ನಾನು ಹೇಳುವುದು ಇಷ್ಟೆ: ಹತ್ತು ನಿಮಿಷ ತಡವಾದರೆ ಸಂಪಾದಕರು ಬೈಯುತ್ತಾರೆ, ಬೈಸಿಕೊಳ್ಳಿ. ಕಂಬದ ಹಿಂದೆ ನಿಂತ ಆ ಹೆಂಗಸಿನ ಮುಖವನ್ನು ನೋಡುವ ಗತಿ ನಿಮಗೆ ಬರುವುದು ಬೇಡ.

ಓದುವ ನಿಮ್ಮಲ್ಲೂ ಒಂದು ಬೇಡಿಕೆಯಿದೆ. ಇಂದು ಮಳೆ ಬಿದ್ದ ಊರಿನಲ್ಲಿ, ಬೆಂಕಿ ಬಿದ್ದ ತೋಟದಲ್ಲಿ ನಮಗಿಂತ ಮೊದಲು ಇರುವವರು ನೀವು. ದಯವಿಟ್ಟು ಕಳುಹಿಸುತ್ತಲೇ ಇರಿ. ಆದರೆ ಕಳುಹಿಸುವಾಗ ಮೇಲೆ ಎರಡು ಮಾತು ಬರೆಯಿರಿ: ಯಾವ ಊರು, ಯಾವತ್ತು ಎಷ್ಟು ಹೊತ್ತಿಗೆ. ನೀವೇ ತೆಗೆದದ್ದೋ, ಬೇರೆಯವರಿಂದ ಬಂದದ್ದೋ ಅದನ್ನೂ ಹೇಳಿ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳುಹಿಸಿದರೆ ಅದರೊಳಗಿರುವ ದಿನ, ಸಮಯದ ದಾಖಲೆ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಉಳಿಯುತ್ತದೆ. ಸಹಾಯ ಕೇಳಿ ಕಳುಹಿಸಿದವರು ಕ್ಷೇಮವಾಗಿ ಹೊರಬಂದರೆ, ಮೊದಲ ಸಂದೇಶ ಯಾರ್ಯಾರಿಗೆ ಹೋಗಿತ್ತೋ ಅವರಿಗೆಲ್ಲ ಅದನ್ನೂ ತಿಳಿಸಿ. ನಮ್ಮ ಫೋನ್ ಬಂದರೆ ಎತ್ತಿ. ನಾಲ್ಕು ಪ್ರಶ್ನೆ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.